‘ಎದೆನೋವು’ ಎಂದರೆ ಯಾವ ನೋವು?

ಕೋಲಾರದ ಕಡೆ ಹೆಂಗಸರು ಆಸ್ಪತ್ರೆಯಲ್ಲಿ ಹೇಳುವ ಒಂದು ಮಾತಿನಿಂದಲೇ ಇವತ್ತಿನ ವಿಷಯವನ್ನು ಆರಂಭಿಸುತ್ತೇನೆ: “ಎದೆ ನೋವು, ಡಾಕ್ಟ್ರೇ.” ನನ್ನ ಚಿಕ್ಕಮ್ಮನೂ ಹೀಗೆಯೇ ಹೇಳಿದ್ದರು. ಅವರಿಗೆ ನೋಯುತ್ತಿದ್ದದ್ದು ಸ್ತನ, ತುರಿಸುತ್ತಿದ್ದದ್ದು ಮೊಲೆತೊಟ್ಟು. ವೈದ್ಯರಿಗೆ ಕೇಳಿಸಿದ್ದು ಮಾತ್ರ ಹೃದಯ. ಇಸಿಜಿ ಆಯಿತು, ಬಿಪಿ ನೋಡಿದರು, ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು. ಎದೆನೋವು ಎಂದವರ ಹೃದಯವನ್ನು ಮೊದಲು ಪರೀಕ್ಷಿಸಿದ್ದು ತಪ್ಪಲ್ಲ, ಆ ವೈದ್ಯರನ್ನು ನಾನು ದೂರುವುದಿಲ್ಲ. ಆದರೆ ತುರಿಕೆಯ ಮಾತು ಚಿಕ್ಕಮ್ಮನ ಬಾಯಿಗೆ ಬರಲೇ ಇಲ್ಲ. ಅದನ್ನು ಅವರು ನಮ್ಮಮ್ಮನಿಗೆ ಹೇಳಿದ್ದು ಆರು ವಾರ ಕಳೆದ ಮೇಲೆ, ಅದೂ ರಾತ್ರಿ ದೀಪ ಆರಿಸಿದ ನಂತರ.

‘ಮೊಲೆ’ ಎಂಬುದು ನಮ್ಮದೇ ಹಳೆಯ ಪದ. 12ನೆಯ ಶತಮಾನದ ವಚನಗಳಲ್ಲಿ ಅದು ಯಾವ ಸಂಕೋಚವೂ ಇಲ್ಲದೆ ಬಂದಿದೆ. ಇಂದು ಅದನ್ನು ಬೈಗುಳದ ಪಕ್ಕದಲ್ಲಿ ಕೂರಿಸಿ, ‘ಸ್ತನ’ವನ್ನು ಪಠ್ಯಪುಸ್ತಕಕ್ಕೆ ಬಿಟ್ಟು, ಉಳಿದ ಎಲ್ಲಕ್ಕೂ ‘ಎದೆ’ ಎನ್ನುತ್ತೇವೆ. ಹೆಸರು ಹೇಳಲಾಗದ ಅಂಗದ ಕಾಯಿಲೆ ತಡವಾಗಿಯೇ ಪತ್ತೆಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲಿ ಕಾರಣವನ್ನು ಗುರುತಿಸಲು ಬೇಕಾದ ಸುಳಿವುಗಳೆಲ್ಲ ರೋಗಿಯ ಮಾತಿನಲ್ಲೇ ಇರುತ್ತವೆ: ಒಂದು ಕಡೆಯೋ ಎರಡೂ ಕಡೆಯೋ, ತಿಂಗಳಿನ ಯಾವ ದಿನಗಳಲ್ಲಿ, ಚರ್ಮದ ಮೇಲೋ ಒಳಗೋ.

ಮುಟ್ಟಿಗೆ ಒಂದು ವಾರ ಮುಂಚೆ ಎರಡೂ ಸ್ತನಗಳು ಬಿಗಿದು, ಮುಟ್ಟಿದರೆ ನೋಯುವಂತಾಗಿ, ಸ್ರಾವ ಶುರುವಾದ ಮೇಲೆ ಹಗುರವಾದರೆ ಅದು ಹಾರ್ಮೋನುಗಳ ಏರಿಳಿತದ ನೋವು. ಬಹುಪಾಲು ಹೆಂಗಸರ ನೋವು ಇದೇ. ಗರ್ಭ ನಿಂತ ಮೊದಲ ವಾರಗಳಲ್ಲೂ ಹೀಗೆಯೇ ನೋಯುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರಿಗೂ, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರಿಗೂ ಇದು ಬರಬಹುದು. ಗಂಟಿಲ್ಲದೆ ಬರೀ ನೋವಷ್ಟೇ ಇದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ಇನ್ನೊಂದು ನೋವು ಸ್ತನದ್ದೇ ಅಲ್ಲ. ನಮ್ಮ ಎಪಿಎಂಸಿಯಲ್ಲಿ ಟೊಮೆಟೊ ಅಳೆಯುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ತೋಟದಲ್ಲಿ ದಿನವಿಡೀ ಅಂಥ ಬಾಕ್ಸ್ ಎತ್ತುವವಳಿಗೆ ಸ್ತನದ ಹಿಂದಿನ ಸ್ನಾಯುವೋ, ಪಕ್ಕೆಲುಬಿನ ಕೀಲೋ ನೊಂದರೆ, ಆ ನೋವು ಸ್ತನದಲ್ಲೇ ಇದೆ ಎನಿಸುತ್ತದೆ. ಬೆರಳಿನಿಂದ ಪಕ್ಕೆಲುಬನ್ನು ಒತ್ತಿದಾಗ, ಕೈ ಮೇಲೆತ್ತಿದಾಗ ನೋವು ಹೆಚ್ಚಾದರೆ ಅದನ್ನು ವೈದ್ಯರಿಗೆ ಹೇಳಬೇಕು.

ತುರಿಕೆಯ ದಾರಿಯೇ ಬೇರೆ. ಸೋಪು, ಬಟ್ಟೆಯ ಪುಡಿ, ನೈಲಾನ್ ಬ್ರಾ, ಬೆವರು ಇವುಗಳಿಂದ ಚರ್ಮ ಕೆರಳುವುದು ಸಾಮಾನ್ಯ. ಇಸುಬು ಇರುವವರಿಗೆ ತೊಟ್ಟಿನ ಮೇಲೂ ಇಸುಬು ಏಳುತ್ತದೆ, ಹೆಚ್ಚಾಗಿ ಎರಡೂ ಕಡೆ. ನನ್ನ ಚಿಕ್ಕಮ್ಮನಿಗಿದ್ದದ್ದು ಇದಾವುದೂ ಅಲ್ಲ, ತುರಿಕಜ್ಜಿ. ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದ ಮೊಮ್ಮಗನ ಬೆರಳ ಸಂದಿಯಲ್ಲೂ ಅದೇ ಇತ್ತು. ಕಜ್ಜಿಯ ಹುಳು ಹೆಂಗಸರಲ್ಲಿ ಮೊಲೆತೊಟ್ಟಿನ ಸುತ್ತ ಸೇರುವುದು ಚರ್ಮವೈದ್ಯರಿಗೆಲ್ಲ ಗೊತ್ತಿರುವ ಲಕ್ಷಣ. ಅದರ ತುರಿಕೆ ರಾತ್ರಿ ಹೆಚ್ಚು, ಕೆರೆದು ಕೆರೆದು ಗಾಯವಾದ ಮೇಲೆ ನೋವು. ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ದಿನ ಕುತ್ತಿಗೆಯಿಂದ ಕಾಲ್ಬೆರಳಿನವರೆಗೆ ಹಚ್ಚಿಕೊಂಡು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚಿಕೊಂಡು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದ ಮೇಲೆ ಅದು ಬಿಟ್ಟುಹೋಯಿತು. ಆರು ವಾರ ನಿದ್ದೆಗೆಟ್ಟದ್ದು ಕೇವಲ ಒಂದು ಪದವನ್ನು ನುಡಿಯಲಾಗದೆ ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಾಣಂತಿಯರ ವಿಷಯದಲ್ಲಿ ಒಂದು ಎಚ್ಚರಿಕೆ. ಮಗು ಸ್ತನವನ್ನು ಸರಿಯಾಗಿ ಬಾಯಿಗೆ ತೆಗೆದುಕೊಳ್ಳದಿದ್ದರೆ ತೊಟ್ಟು ಬಿರಿಯಬಹುದು. ಆದರೆ ಸ್ತನದ ಒಂದು ಭಾಗ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಅದು ಸೋಂಕಿನ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಹಾಲುಣಿಸುವುದನ್ನು ನಿಲ್ಲಿಸಬಾರದು, ಹಾಲು ಕಟ್ಟಿಕೊಂಡರೆ ಬಾವು ಹೆಚ್ಚುತ್ತದೆ. ಹಿರಿಯರು ‘ಕೆಟ್ಟ ಹಾಲು’ ಎಂದು ಮಗುವನ್ನು ಬಿಡಿಸುವುದು ಪ್ರೀತಿಯಿಂದಲೇ ಇರಬಹುದು, ಆದರೂ ಅದು ತಾಯಿಗೆ ಹಾನಿ.

ನನ್ನನ್ನು ಹೆಚ್ಚು ಕಾಡುವುದು ಒಂದೇ ತೊಟ್ಟಿನ, ವಾಸಿಯಾಗದ ತುರಿಕೆ. 1874ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ಇದನ್ನು ವಿವರಿಸಿದರು: ಮೊಲೆತೊಟ್ಟಿನ ಮೇಲೆ ಇಸುಬಿನಂತೆ ಕಾಣುವ ಗಾಯ, ಅದರ ಹಿಂದೆಯೇ ಸ್ತನದೊಳಗೆ ಕ್ಯಾನ್ಸರ್. ಇದು ಅಪರೂಪ, ಯಾರೂ ಹೆದರಿ ಕೂರಬೇಕಾಗಿಲ್ಲ. ಆದರೆ ಒಂದೇ ಕಡೆ ಹೊಟ್ಟು ಉದುರುವುದು, ಹಕ್ಕಳೆ ಕಟ್ಟುವುದು, ರಸಿಗೆಯೋ ರಕ್ತವೋ ಒಸರುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು ಕಂಡರೆ, ಮುಲಾಮಿಗೆ ಎರಡು ಮೂರು ವಾರಗಳಲ್ಲಿ ಬಗ್ಗದಿದ್ದರೆ, ಆ ಚರ್ಮದ ಒಂದು ಚೂರನ್ನು ತೆಗೆದು ಪರೀಕ್ಷಿಸಲೇಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಟ್ಯೂಬು ಇಲ್ಲಿಯೇ ಮೋಸ ಮಾಡುತ್ತದೆ: ಹಚ್ಚಿದ ನಾಲ್ಕು ದಿನ ಕೆಂಪು ಇಳಿಯುತ್ತದೆ, ವಾಸಿಯಾಯಿತು ಎಂಬ ನಂಬಿಕೆ ಬರುತ್ತದೆ, ಮತ್ತೆ ಟ್ಯೂಬು, ಹೀಗೆ ತಿಂಗಳುಗಳು ಉರುಳುತ್ತವೆ.

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ಅದರಲ್ಲಿ ಸ್ತನದ ಗಂಟು, ತೊಟ್ಟಿನಿಂದ ಬರುವ ರಕ್ತ, ಸ್ತನದ ಆಕಾರದ ಬದಲಾವಣೆ ಕುರಿತು ಪ್ರಶ್ನೆಗಳಿವೆ. ತುರಿಕೆಯ ಪ್ರಶ್ನೆ ಇಲ್ಲ. ಅದೂ ಇರಬೇಕೆಂದು ನಾನು ಬಯಸುತ್ತೇನೆ. ಅಲ್ಲಿಯವರೆಗೆ, ಅವರು ಪೆನ್ನಿನ ಮುಚ್ಚಳ ಹಾಕುವ ಮೊದಲು ಆ ಒಂದು ಮಾತನ್ನು ನೀವೇ ಸೇರಿಸಿ ಹೇಳಿ: “ನನ್ನ ಎಡ ಮೊಲೆತೊಟ್ಟು ಮೂರು ವಾರದಿಂದ ತುರಿಸುತ್ತಿದೆ, ಬಲಗಡೆ ಏನೂ ಇಲ್ಲ.”