ಕಂಡದ್ದನ್ನು ಬರೆದು ಕಳುಹಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜ್ಞಾನದ ಬಗ್ಗೆ ಮಾತನಾಡಲು ಹೋದಲ್ಲೆಲ್ಲ ಯಾರಾದರೊಬ್ಬರು ಕೈಮುಗಿದು, "ಅದೆಲ್ಲ ಓದಿದವರ ಕೆಲಸ, ನಮ್ಮಿಂದೇನಾದೀತು?" ಎನ್ನುತ್ತಾರೆ. ಈ ವಿನಯ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಿಮ್ಮಿಂದ ಆಗುವ ಕೆಲಸ ಒಂದಿದೆ: ಕಂಡದ್ದನ್ನು ಬರೆದು ಕಳುಹಿಸುವುದು. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ.

2007ರ ಸಂಗತಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕೆವಿನ್ ಶವಿನ್ಸ್ಕಿ ಎಂಬ ಯುವ ಸಂಶೋಧಕರು ಗ್ಯಾಲಕ್ಸಿಗಳ, ಅಂದರೆ ಕೋಟ್ಯಂತರ ನಕ್ಷತ್ರಗಳ ಮಹಾಗುಂಪುಗಳ, ಚಿತ್ರಗಳನ್ನು ವಿಂಗಡಿಸಲು ಕುಳಿತಿದ್ದರು. ಇದು ಸುರುಳಿಯೋ, ಮೊಟ್ಟೆಯಾಕಾರದ್ದೋ? ಐವತ್ತು ಸಾವಿರ ಚಿತ್ರ ನೋಡುವಷ್ಟರಲ್ಲಿ ಸಾಕಾಗಿಹೋಯಿತು. ಇದ್ದದ್ದು ಸುಮಾರು 9 ಲಕ್ಷ! ಆಗಿನ ಕಂಪ್ಯೂಟರ್‌ಗಳಿಗೆ ಈ ಕೆಲಸ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಅವರು, ಖಗೋಳ ವಿಜ್ಞಾನಿ ಕ್ರಿಸ್ ಲಿಂಟಾಟ್ ಮತ್ತು ಗೆಳೆಯರು ಸೇರಿ ಅಷ್ಟೂ ಚಿತ್ರಗಳನ್ನು 'ಗ್ಯಾಲಕ್ಸಿ ಜೂ' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಹಾಕಿ, ಬನ್ನಿ, ನೀವೇ ನೋಡಿ ಹೇಳಿ ಎಂದರು. ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿ ಐದು ಕೋಟಿ ಉತ್ತರ ಕೊಟ್ಟರು. ಒಂದೊಂದು ಚಿತ್ರವನ್ನೂ ಹತ್ತಾರು ಮಂದಿ ನೋಡುತ್ತಿದ್ದುದರಿಂದ ಒಬ್ಬರ ತಪ್ಪನ್ನು ಉಳಿದವರು ಸರಿಪಡಿಸುತ್ತಿದ್ದರು.

ಇನ್ನು ನನ್ನ ಮೆಚ್ಚಿನ ಭಾಗ. ನೆದರ್ಲೆಂಡ್ಸ್‌ನಲ್ಲಿ ಹ್ಯಾನಿ ವಾನ್ ಆರ್ಕೆಲ್ ಎಂಬ ಶಾಲಾ ಶಿಕ್ಷಕಿ ಇದ್ದರು. ಖಗೋಳ ಓದಿದವರಲ್ಲ. ಕ್ವೀನ್ ವಾದ್ಯವೃಂದದ ಗಿಟಾರ್ ವಾದಕ ಬ್ರಯಾನ್ ಮೇ ತಮ್ಮ ಜಾಲತಾಣದಲ್ಲಿ ಇದರ ಬಗ್ಗೆ ಬರೆದದ್ದನ್ನು ಓದಿ ಬಂದವರು. (ಆ ಗಿಟಾರ್ ವಾದಕರು ಖಭೌತ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಅದು ಇನ್ನೊಂದು ದಿನದ ಮಾತು.) ಒಂದು ಗ್ಯಾಲಕ್ಸಿಯ ಕೆಳಗೆ ಹ್ಯಾನಿಗೆ ನೀಲಿ ಕಲೆಯೊಂದು ಕಂಡಿತು. ಮೊರದಲ್ಲಿ ಅಕ್ಕಿ ಆರಿಸುವವರಿಗೆ ಕಲ್ಲು ಕಣ್ಣಿಗೆ ಬೀಳುವಂತೆ ಬಿತ್ತು, ನೋಡಿ. ನನಗೇಕೆ ಎಂದು ಅವರು ಮುಂದಿನ ಚಿತ್ರಕ್ಕೆ ಹೋಗಲಿಲ್ಲ. ಇದೇನು ಎಂದು ಬರೆದು ಕೇಳಿದರು.

ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ! ದೂರದರ್ಶಕಗಳು ಅತ್ತ ತಿರುಗಿದವು, ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕ ಕೂಡ. ಅದೊಂದು ಭಾರೀ ಅನಿಲ ಮೋಡ. ಪಕ್ಕದ ಗ್ಯಾಲಕ್ಸಿಯ ನಡುವೆ ಇರುವ, ತನ್ನೊಳಗಿನಿಂದ ಬೆಳಕನ್ನೂ ಹೊರಬಿಡದ ಕಪ್ಪುಕುಳಿಯ ಸುತ್ತ ಹಿಂದೆ ಪ್ರಚಂಡ ಬೆಳಕು ಹೊಮ್ಮುತ್ತಿತ್ತು, ಆಮೇಲೆ ಕುಂದಿತು. ಅಂದು ಹೊರಟ ಬೆಳಕಿನಿಂದ ಮೋಡ ಬೆಳಗುತ್ತಿರುವುದನ್ನು ನಾವು ಈಗ ನೋಡುತ್ತಿದ್ದೇವೆ. 2009ರ ಸಂಶೋಧನಾ ಲೇಖನದಲ್ಲಿ ಹ್ಯಾನಿಯವರ ಹೆಸರೂ ಲೇಖಕರ ಸಾಲಿನಲ್ಲಿದೆ. ಕಾರಣ, ಅವರು ಕಂಡದ್ದನ್ನು ಬರೆದು ಕಳುಹಿಸಿದರು.

ಸಮಯ ಓಡುತ್ತಿದೆ, ನಮ್ಮ ಊರಿಗೆ ಬರುತ್ತೇನೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 942 ಪ್ರಭೇದಗಳ ಲೆಕ್ಕ. ಅದಕ್ಕೆ ಆಧಾರ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಇ-ಬರ್ಡ್ ಎಂಬ, ಕಂಡ ಹಕ್ಕಿಗಳನ್ನು ಬರೆದಿಡುವ ಜಾಲತಾಣದಲ್ಲಿ ದಾಖಲಿಸಿದ ಮೂರು ಕೋಟಿ ಟಿಪ್ಪಣಿಗಳು. ಎಷ್ಟೇ ದೊಡ್ಡ ಸಂಸ್ಥೆಯಾದರೂ ಸಂಬಳ ಕೊಟ್ಟು ಇಷ್ಟು ಕಣ್ಣುಗಳನ್ನು ಕೂಡಿಸಲಾರದು. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂದು ಆ ವರದಿ ಹೇಳಿದ್ದೂ ಈ ಟಿಪ್ಪಣಿಗಳ ಬಲದಿಂದಲೇ.

ಒಂದು ಮಾತು ಮಾತ್ರ ಸ್ವಲ್ಪ ಬಿರುಸಾಗಿಯೇ ಹೇಳುತ್ತೇನೆ. ಅಪರೂಪದ ಹಕ್ಕಿ ಕಂಡರೆ ಎಲ್ಲರೂ ಫೋಟೋ ಹಂಚುತ್ತಾರೆ, ಕಾಗೆಯನ್ನು ಯಾರೂ ಬರೆಯುವುದಿಲ್ಲ. ಕಾಗೆಯನ್ನೂ ಬರೆಯಬೇಕು! ಇಂದು ಎಷ್ಟಿವೆ ಎಂದು ಬರೆದಿಡದಿದ್ದರೆ ನಾಳೆ ಕಡಿಮೆಯಾದದ್ದು ತಿಳಿಯುವುದಾದರೂ ಹೇಗೆ?

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲಿನ ಹಕ್ಕಿ ಎಣಿಕೆ ನಡೆಯುತ್ತದೆ. ಅಂಗಳದಲ್ಲೋ ಗದ್ದೆಯ ಬದುವಿನಲ್ಲೋ ಹದಿನೈದು ನಿಮಿಷ ನಿಂತರೆ ಸಾಕು. ಮೊಬೈಲ್ ಬಳಸಲು ಬರದಿದ್ದರೆ ಮನೆಯ ಮಕ್ಕಳಿಗೆ ಹೇಳಿ, ಅವರು ಇ-ಬರ್ಡ್‌ನಲ್ಲಿ ದಾಖಲಿಸುತ್ತಾರೆ. ಹೆಸರು ತಿಳಿಯದ ಹಕ್ಕಿಯನ್ನು ಊಹಿಸಿ ಬರೆಯಬೇಡಿ, ತಿಳಿದವುಗಳಲ್ಲಿ ಒಂದನ್ನೂ ಬಿಡಬೇಡಿ. ಕಾಗೆ, ಮೈನಾ, ಪಾರಿವಾಳ, ಎಲ್ಲವನ್ನೂ ಬರೆದು ಕಳುಹಿಸಿ. ನಮಸ್ಕಾರ.