ದುಬಾರಿ ನಾಡು ಬಿಟ್ಟವರು ಎಲ್ಲಿಗೆ ಹೋದರು?

ಕೇಳುಗ ಬಂಧುಗಳಿಗೆ ನಮಸ್ಕಾರ.

ದೀಪಾವಳಿಯ ಆಸುಪಾಸಿಗೆ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಾಂಗಲಿ, ಕೊಲ್ಹಾಪುರದ ಕಡೆ ಹೊರಡುತ್ತವೆ. ಬಾದಾಮಿ, ಹುನಗುಂದದ ಗೌಂಡಿಗಳು ಮಂಗಳೂರಿಗೆ, ಗೋವಾಕ್ಕೆ ಹೋಗುತ್ತಾರೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಪುಣೆಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಮಳೆ ಕೈಕೊಟ್ಟಿತು, ಇಲ್ಲಿ ಕೆಲಸವಿಲ್ಲ, ಅಲ್ಲಿ ಪಗಾರ ಇದೆ ಎಂದು ಊರು ಬಿಟ್ಟವರನ್ನೇ ನಾವು ಕಂಡಿದ್ದೇವೆ. ಹಾಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಿಂದ ಜನ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದಾರೆ ಎಂದರೆ ನಮ್ಮ ಹಿರಿಯರು ಕೇಳುವ ಮೊದಲ ಮಾತು, "ಅಷ್ಟ್ ಪಗಾರ ಸಿಗೂ ಊರು ಯಾಕ ಬಿಡ್ತಾರ್ರೀ ಅವರು?"

ಇದು ಯೋಚಿಸಬೇಕಾದ ಪ್ರಶ್ನೆ. ಕ್ಯಾಲಿಫೋರ್ನಿಯಾ ಬಡ ರಾಜ್ಯವಲ್ಲ. ಅದೊಂದೇ ಒಂದು ದೇಶವಾಗಿದ್ದರೆ ಜಗತ್ತಿನ ಮೊದಲ ಐದಾರು ದೊಡ್ಡ ಆರ್ಥಿಕತೆಗಳ ಸಾಲಿನಲ್ಲಿ ನಿಲ್ಲುತ್ತಿತ್ತು. ಜನಸಂಖ್ಯೆ ನಾಲ್ಕು ಕೋಟಿಗೆ ಹತ್ತಿರ. ಹಣ್ಣಿನ ತೋಟ, ಸಿನಿಮಾ, ಕಂಪ್ಯೂಟರ್ ಕಂಪನಿಗಳು ಎಲ್ಲ ಅಲ್ಲಿವೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನೋಡಿ ಸಂಸತ್ತಿನ ಕೆಳಮನೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುತ್ತಾರೆ. 1850ರಲ್ಲಿ ರಾಜ್ಯವಾದ ಕ್ಯಾಲಿಫೋರ್ನಿಯಾ ಅಲ್ಲಿಂದೀಚೆಗೆ ಒಮ್ಮೆಯೂ ಸ್ಥಾನ ಕಳೆದುಕೊಂಡಿರಲಿಲ್ಲ. 2020ರ ಜನಗಣತಿಯ ನಂತರ ಅದರ ಸ್ಥಾನ 53ರಿಂದ 52ಕ್ಕೆ ಇಳಿಯಿತು. ಅದೇ ಹೊತ್ತಿಗೆ ಟೆಕ್ಸಾಸಿಗೆ ಎರಡು ಸ್ಥಾನ ಹೆಚ್ಚಿತು. 2021ರಲ್ಲೂ 2022ರಲ್ಲೂ ವರ್ಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಜನ ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸಿಗೆ ಹೋಗಿದ್ದಾರೆ. ರಾಜ್ಯ ಖಾಲಿಯಾಯಿತು ಎಂದು ಮಾತ್ರ ತಿಳಿಯಬಾರದು. ಹೊರದೇಶಗಳಿಂದ ಜನ ಬರುತ್ತಿದ್ದಾರೆ, ಮಕ್ಕಳು ಹುಟ್ಟುತ್ತಿದ್ದಾರೆ. ಕೆಲವು ವರ್ಷ ಇಳಿದ ಜನಸಂಖ್ಯೆ ಆಮೇಲೆ ತುಸು ಏರಿದ್ದೂ ಇದೆ. ಆದರೂ ದೇಶದ ಒಳಗಿನ ಲೆಕ್ಕ ಹಿಡಿದರೆ ಬರುವವರಿಗಿಂತ ಬಿಟ್ಟುಹೋಗುವವರೇ ಹೆಚ್ಚು.

ಯಾಕೆ ಎಂದರೆ ಬಹಳ ಮಂದಿ ಥಟ್ಟನೆ ಹೇಳುವುದು ತೆರಿಗೆ ಎಂದು. ನಮ್ಮಲ್ಲಿ ಪಗಾರದ ಮೇಲಿನ ಆದಾಯ ತೆರಿಗೆ ದೆಹಲಿಗೆ ಹೋಗುತ್ತದೆ. ರಾಜ್ಯ ಸರ್ಕಾರ ಹಾಕುವ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ. ಅಲ್ಲಿ ಹಾಗಲ್ಲ. ಕೇಂದ್ರದ ತೆರಿಗೆ ಕಟ್ಟಿದ ಮೇಲೂ ರಾಜ್ಯಕ್ಕೆ ಬೇರೆ ಆದಾಯ ತೆರಿಗೆ ಕಟ್ಟಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು ಶೇ. 1ರಿಂದ ಶುರುವಾಗಿ ದೊಡ್ಡ ಶ್ರೀಮಂತರ ಹಂತದಲ್ಲಿ ಶೇ. 13 ದಾಟುತ್ತದೆ. ಟೆಕ್ಸಾಸ್, ಫ್ಲಾರಿಡಾ, ನೆವಾಡಾಗಳಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕಂಪನಿ ಒರಾಕಲ್ 2020ರಲ್ಲಿ, ಕಾರು ತಯಾರಿಸುವ ಟೆಸ್ಲಾ 2021ರಲ್ಲಿ ತಮ್ಮ ಮುಖ್ಯ ಕಚೇರಿಯನ್ನು ಟೆಕ್ಸಾಸಿನ ಆಸ್ಟಿನ್ ನಗರಕ್ಕೆ ಸಾಗಿಸಿದಾಗ ಪತ್ರಿಕೆಗಳೆಲ್ಲ ಈ ತೆರಿಗೆಯ ಮಾತನ್ನೇ ಆಡಿದವು.

ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ತೆರಿಗೆಯೇ ಕಾರಣವಾಗಿದ್ದರೆ ಮೊದಲು ಹೊರಡಬೇಕಾದವರು ಶ್ರೀಮಂತರು. ವರ್ಷಾನುವರ್ಷ ಹೊರಟವರಲ್ಲಿ ಹೆಚ್ಚಿನವರು ಕಡಿಮೆ ಮತ್ತು ಮಧ್ಯಮ ಆದಾಯದವರು, ಅಂದರೆ ಡ್ರೈವರುಗಳು, ಅಂಗಡಿಯಲ್ಲಿ ದುಡಿಯುವವರು, ಶಾಲೆಯ ಶಿಕ್ಷಕರು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿದ್ದರಿಂದ ದೊಡ್ಡ ಪಗಾರದವರೂ ಸೇರಿಕೊಂಡರು, ನಿಜ. ಆದರೆ ಈ ವಲಸೆ ಶುರುವಾದದ್ದು ಅದಕ್ಕಿಂತ ಎಷ್ಟೋ ವರ್ಷ ಮುಂಚೆ. ಬಡವರಿಗೆ ಆ ದೊಡ್ಡ ತೆರಿಗೆ ತಟ್ಟುವುದೇ ಇಲ್ಲ. ಅವರಿಗೆ ತಟ್ಟುವುದು ಮನೆ ಬಾಡಿಗೆ.

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ಸಾಧಾರಣ ಮನೆಯ ಬೆಲೆ ಎಂಟು ಲಕ್ಷ ಡಾಲರ್ ದಾಟಿ ಹೋಗಿದೆ. ಇದು ದೇಶದ ಸಾಮಾನ್ಯ ಬೆಲೆಯ ಸುಮಾರು ಎರಡು ಪಟ್ಟು. ಅಲ್ಲಿ ಜಾಗವಿಲ್ಲ ಎಂದಲ್ಲ, ಕಟ್ಟಲು ಬಿಡಲಿಲ್ಲ. ಲಾಸ್ ಏಂಜಲೀಸ್ ನಗರದ ವಸತಿ ಜಾಗದಲ್ಲಿ ಮುಕ್ಕಾಲು ಪಾಲಿನಷ್ಟನ್ನು ದಶಕಗಟ್ಟಲೆ ಒಂದು ಪ್ಲಾಟಿಗೆ ಒಂದೇ ಮನೆ ಎಂಬ ನಿಯಮಕ್ಕೆ ಕಟ್ಟಿಹಾಕಿದ್ದರು. ಮೇಲೊಂದು ಮಹಡಿ ಎತ್ತಿ ನಾಲ್ಕು ಸಂಸಾರಕ್ಕೆ ಬಾಡಿಗೆ ಕೊಡುತ್ತೇನೆ ಎಂದರೆ ಅನುಮತಿ ಇರಲಿಲ್ಲ. ಯಾರಾದರೂ ಅಪಾರ್ಟ್‌ಮೆಂಟ್ ಕಟ್ಟಲು ಹೊರಟರೆ 1970ರ ಪರಿಸರ ಕಾನೂನನ್ನು ಹಿಡಿದು ನೆರೆಯವರು ಕೋರ್ಟಿಗೆ ಹೋಗಬಹುದಿತ್ತು. ನದಿ, ಕಾಡು ಉಳಿಸಲು ಬಂದ ಕಾನೂನು ಪೇಟೆಯ ನಡುವೆ ಮನೆ ಕಟ್ಟುವುದನ್ನು ತಡೆಯುವ ಅಸ್ತ್ರವಾಯಿತು. ಒಂದು ಪ್ಲಾಟಿನ ನಿಯಮವನ್ನು 2021ರಲ್ಲಿ ಸಡಿಲಿಸಿದರು. ಪೇಟೆಯ ಒಳಗೆ ಕಟ್ಟುವ ಮನೆಗಳಿಗೆ ಆ ಪರಿಸರ ಕಾನೂನಿನಿಂದ ದೊಡ್ಡ ವಿನಾಯಿತಿ ಕೊಟ್ಟದ್ದು 2025ರಲ್ಲಿ. ಅಷ್ಟು ಹೊತ್ತಿಗೆ ಒಂದು ಪೀಳಿಗೆಯೇ ಊರು ಬಿಟ್ಟಿತ್ತು.

ಇನ್ನೊಂದು ಕಾನೂನಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1978ರಲ್ಲಿ ಅಲ್ಲಿನ ಮತದಾರರೇ ಮತ ಹಾಕಿ ಮನೆ ತೆರಿಗೆಗೆ ಮಿತಿ ಹಾಕಿದರು. ಮನೆ ಕೊಂಡಾಗಿನ ಬೆಲೆಯ ಮೇಲೆ ಶೇ. 1ರಷ್ಟು ತೆರಿಗೆ. ಆ ಲೆಕ್ಕದ ಬೆಲೆಯನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮನೆ ಮಾರಿದಾಗ ಮಾತ್ರ ಹೊಸ ಬೆಲೆ. ವಯಸ್ಸಾದವರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಎಂಬ ಕಾಳಜಿ ಅದರಲ್ಲಿ ಇತ್ತು, ಅದನ್ನು ನಾನು ಗೌರವಿಸುತ್ತೇನೆ. ಫಲ ಏನಾಯಿತು ನೋಡಿ. ಒಬ್ಬರು 1980ರಲ್ಲಿ ಒಂದು ಲಕ್ಷ ಡಾಲರಿಗೆ ಮನೆ ಕೊಂಡರು ಎನ್ನಿ. ನಲವತ್ತೈದು ವರ್ಷ ಶೇ. 2ರಂತೆ ಏರಿದರೂ ತೆರಿಗೆಯ ಪುಸ್ತಕದಲ್ಲಿ ಅದರ ಬೆಲೆ ಎರಡು ಲಕ್ಷ ನಲವತ್ತು ಸಾವಿರದ ಆಸುಪಾಸು, ತೆರಿಗೆ ವರ್ಷಕ್ಕೆ ಸುಮಾರು 2,400 ಡಾಲರ್. ಪಕ್ಕದಲ್ಲಿ ಅಂಥದೇ ಮನೆಯನ್ನು ಇವತ್ತು ಹತ್ತು ಲಕ್ಷ ಕೊಟ್ಟು ಕೊಂಡ ಹೊಸ ಸಂಸಾರಕ್ಕೆ ತೆರಿಗೆ 10,000 ಡಾಲರ್. ಹಳಬರಲ್ಲಿ ಬಹಳ ಮಂದಿ ಮನೆ ಮಾರುವುದಿಲ್ಲ, ಮಾರಿ ಬೇರೆ ಮನೆ ಕೊಂಡರೆ ಸಾಮಾನ್ಯವಾಗಿ ಹೊಸ ಬೆಲೆಯ ತೆರಿಗೆ ಬೀಳುತ್ತದೆ. ಹೊಸ ಮನೆ ಕಟ್ಟಲು ಬಿಡುತ್ತಿರಲಿಲ್ಲ. ನಡುವೆ ಸಿಕ್ಕಿಕೊಂಡವರು ಮೂವತ್ತರ ವಯಸ್ಸಿನ, ಚಿಕ್ಕ ಮಕ್ಕಳಿರುವ ಬಾಡಿಗೆದಾರರು. ಮುಂಬೈಯ ಹಳೇ ಪಗಡಿ ಮನೆಗಳ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಅತಿ ಕಡಿಮೆ ಬಾಡಿಗೆಗೆ ಬಹಳ ಕಾಲ ಇರುವ ಮನೆಗಳ ಸಂಗತಿ ಬಲ್ಲ ನಮ್ಮ ಭಾಗದವರಿಗೆ ಇದು ಬೇಗ ತಿಳಿಯುತ್ತದೆ. ಒಳಗಿದ್ದವರು ಗಟ್ಟಿ, ಹೊರಗೆ ನಿಂತವರಿಗೆ ಬಾಗಿಲಿಲ್ಲ.

ಕಾಡ್ಗಿಚ್ಚಿನ ಭಯ, ವಿಮೆ ಸಿಗದ ಕಷ್ಟವೂ ಇವೆ. 2018ರಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟು 85 ಜನ ಸತ್ತರು. ಆದರೂ ಮೂಲ ಕಾರಣ ಮನೆಯೇ.

ಹಾಗಾದರೆ ಹೋಗುವುದು ಎಲ್ಲಿಗೆ? ಮೊದಲ ಹೆಜ್ಜೆ ದೂರದ್ದಲ್ಲ. ಕಡಲತೀರ ಬಿಟ್ಟು ಅದೇ ರಾಜ್ಯದ ಒಳನಾಡಿಗೆ, ಸ್ಯಾಕ್ರಮೆಂಟೊ, ಫ್ರೆಸ್ನೊ, ರಿವರ್‌ಸೈಡ್ ಕಡೆಗೆ ಎಷ್ಟೋ ಜನ ಸರಿಯುತ್ತಾರೆ. ಕೆಲಸ ಹಳೆಯದೇ, ದಿನಕ್ಕೆ ಎರಡು ಮೂರು ತಾಸು ಕಾರಿನಲ್ಲಿ ಕಳೆಯುತ್ತಾರೆ. ಅದೂ ಸಾಕಾದವರು ಪಕ್ಕದ ಅರಿಜೋನಾ, ನೆವಾಡಾ, ಒರೆಗಾನ್ ರಾಜ್ಯಗಳಿಗೆ, ಅವುಗಳಾಚೆಯ ಐಡಾಹೊಗೆ, ಇಲ್ಲವೇ ದೂರದ ಟೆಕ್ಸಾಸಿಗೆ ಹೋಗುತ್ತಾರೆ. ಟೆಕ್ಸಾಸಿನಲ್ಲಿ ಮನೆ ತೆರಿಗೆಯ ದರ ಕ್ಯಾಲಿಫೋರ್ನಿಯಾಕ್ಕಿಂತ ಹೆಚ್ಚು, ಬೇಸಿಗೆಯ ಬಿಸಿಲು ನಮ್ಮ ವಿಜಯಪುರದಂತೆ ಸುಡುತ್ತದೆ. ಆದರೆ ಅಲ್ಲಿ ಮನೆ ಕಟ್ಟುತ್ತಾರೆ. ಜನಸಂಖ್ಯೆಯಲ್ಲಿ ಚಿಕ್ಕದಾದರೂ ಟೆಕ್ಸಾಸ್ ಇತ್ತೀಚಿನ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಸುಮಾರು ಎರಡು ಪಟ್ಟು ಮನೆಗಳಿಗೆ ಪರವಾನಗಿ ಕೊಟ್ಟಿದೆ.

ಹೋದ ಊರಿನ ಗತಿಯನ್ನೂ ನೋಡಬೇಕು. ಐಡಾಹೊದ ಬೊಯ್ಸಿ ನಗರಕ್ಕೆ ಕೋವಿಡ್ ಕಾಲದಲ್ಲಿ ಹೊರಗಿನವರು ನುಗ್ಗಿದರು. ಮನೆ ಬೆಲೆ ಹಾರಿತು. ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆ ಕೈಗೆಟುಕದಾಯಿತು, ಬಂದವರ ಮೇಲೆ ಸಿಟ್ಟು ಹುಟ್ಟಿತು. ಆಸ್ಟಿನ್‌ನಲ್ಲೂ ಬಾಡಿಗೆ ಮೊದಲು ಏರಿತು. ಆದರೆ ಅಲ್ಲಿ ಸಾವಿರ ಸಾವಿರ ಅಪಾರ್ಟ್‌ಮೆಂಟ್ ಎದ್ದವು, 2023ರಿಂದ ಬಾಡಿಗೆ ಇಳಿಯತೊಡಗಿತು. ಮನೆ ಕಟ್ಟಿದರೆ ಬಾಡಿಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಬಂದವರ ಮೇಲಿನ ಸಿಟ್ಟು ಹೊಸದೇನಲ್ಲ. 1930ರ ದಶಕದಲ್ಲಿ ಓಕ್ಲಹೋಮಾ ಸುತ್ತಲಿನ ಸೀಮೆಯಲ್ಲಿ ಬರಗಾಲ ಬಿದ್ದು, ಧೂಳಿನ ಬಿರುಗಾಳಿಗೆ ಹೊಲದ ಮಣ್ಣೇ ಹಾರಿಹೋಯಿತು. ಆ ರೈತರು ಇದೇ ಕ್ಯಾಲಿಫೋರ್ನಿಯಾಕ್ಕೆ ಹಣ್ಣು, ಹತ್ತಿ ಬಿಡಿಸುವ ಕೂಲಿಗೆ ಬಂದರು. 1936ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು, ಕೈಯಲ್ಲಿ ದುಡ್ಡಿಲ್ಲದವರನ್ನು ಹಿಂದಕ್ಕೆ ಅಟ್ಟಿದರು. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಎಂಬ ಕಾನೂನೂ ಅಲ್ಲಿ ಇತ್ತು. ಅದನ್ನು ಅಮೆರಿಕದ ಸುಪ್ರೀಂ ಕೋರ್ಟು 1941ರಲ್ಲಿ ರದ್ದು ಮಾಡಿತು. ನಮ್ಮ ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಮೊದಲಿನಿಂದಲೇ ಕೊಟ್ಟಿದೆ. ಆದರೂ ಗೋವಾದ ವಾಸ್ಕೊ ಪಕ್ಕದ ಬೈನಾ ಕಡಲತೀರದಲ್ಲಿ ಕನ್ನಡಿಗರ ಗುಡಿಸಲು, ಮನೆಗಳನ್ನು ಕೆಡವಿದ ಸುದ್ದಿ ನಮ್ಮ ಎಷ್ಟೋ ಕುಟುಂಬಗಳಿಗೆ ಬರೀ ಸುದ್ದಿಯಲ್ಲ. ಗೋವಾದ ರಸ್ತೆ, ಬಂಗಲೆ, ಹೋಟೆಲು ಕಟ್ಟಿದ ಕೈಗಳಿಗೆ ಅಲ್ಲಿ ಸ್ವಂತದ ಒಂದು ಖೋಲಿ ಮಾಡಿಕೊಳ್ಳುವುದು ಇವತ್ತಿಗೂ ಕಷ್ಟ.

ಈಗ ನಮ್ಮ ಸರದಿ ಬರುತ್ತಿದೆ. ಬೆಳಗಾವಿ ಬರೀ ಜನರನ್ನು ಕಳಿಸುವ ಊರಲ್ಲ. ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ವರ್ಕ್‌ಶಾಪುಗಳಿಗೆ ಖಾನಾಪುರ, ಬೈಲಹೊಂಗಲ, ಸವದತ್ತಿ ಕಡೆಯಿಂದ ಹುಡುಗರು ಬರುತ್ತಾರೆ. ಓದಲು, ಆಸ್ಪತ್ರೆಗೆ ಗೋವಾ, ಮಹಾರಾಷ್ಟ್ರದವರೂ ಬರುತ್ತಾರೆ. ಊರ ಸುತ್ತ ಎನ್‌ಎ ಲೇಔಟುಗಳು, ಅಂದರೆ ಹೊಲವನ್ನು ಕೃಷಿಯೇತರ ಎಂದು ಬದಲಿಸಿ ಮಾಡಿದ ಬಡಾವಣೆಗಳು ಏಳುತ್ತಿವೆ. ಅವುಗಳ ನಡುವೆ ಒಮ್ಮೆ ನಡೆದು ನೋಡಿ, ಪ್ಲಾಟಿಗೆ ಕಲ್ಲು ನೆಟ್ಟು, ಬೆಲೆ ಏರಲಿ ಎಂದು ಬಿಟ್ಟ ಜಾಗದಲ್ಲಿ ಜಾಲಿ ಬೆಳೆದಿರುತ್ತದೆ. ಫೌಂಡ್ರಿಯ ಹುಡುಗರು ಒಂದೊಂದು ಖೋಲಿಯಲ್ಲಿ ನಾಲ್ಕೈದು ಜನ ಇರುತ್ತಾರೆ. ಪ್ಲಾಟು ಹೂಡಿಕೆಯಾಯಿತು, ಬಾಡಿಗೆಗೆ ಮನೆ ಮಾತ್ರ ಆಗಲಿಲ್ಲ. ಕ್ಯಾಲಿಫೋರ್ನಿಯಾ ಐವತ್ತು ವರ್ಷದಲ್ಲಿ ಮಾಡಿದ್ದನ್ನು ನಾವು ಹತ್ತು ವರ್ಷದಲ್ಲಿ ಮಾಡಿ ಮುಗಿಸುತ್ತೇವೋ ಎಂದು ನನಗೆ ಆತಂಕವಾಗುತ್ತದೆ.

ದುಡಿಯುವವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಲು ಕೇಂದ್ರ ಸರ್ಕಾರ 2020ರಲ್ಲೇ ಒಂದು ಯೋಜನೆ ತಂದಿದೆ. ಖಾಲಿ ಬಿಟ್ಟ ಪ್ಲಾಟಿಗೆ ಹೆಚ್ಚು ತೆರಿಗೆ ಹಾಕುವ ದಾರಿಯೂ ಇದೆ. ನಗರದ ಮಹಾಯೋಜನೆಯ ಕರಡು ಹೊರಬಿದ್ದಾಗ ಆಕ್ಷೇಪಣೆ, ಸಲಹೆ ಕೊಡಲು ಸಾರ್ವಜನಿಕರಿಗೆ ಕಾನೂನಿನಲ್ಲೇ ಕಾಲಾವಕಾಶ ಇದೆ. ಆ ನಕ್ಷೆ ಬಂದಾಗ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ, ಕಾರ್ಖಾನೆಗಳಿಂದ ಬಸ್ಸಿನ ದಾರಿಯಲ್ಲಿ ಬಾಡಿಗೆ ಮನೆಗಳಿಗೆ ಎಷ್ಟು ಎಕರೆ ತೆಗೆದಿಟ್ಟಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಗಲಕೋಟೆಯವರು, ವಿಜಯಪುರದವರು ನಿಮ್ಮ ನಿಮ್ಮ ಪ್ರಾಧಿಕಾರಗಳಲ್ಲೂ ಇದನ್ನೇ ಕೇಳಿ.

ನಮಸ್ಕಾರ.