ಅಂಬೆಯ ಕಡೆಯಿಂದ ಒಂದು ಸಲ ಕೇಳೋಣ

[ದೃಶ್ಯ: ಜೆ.ಸಿ. ರಸ್ತೆ, ರವೀಂದ್ರ ಕಲಾಕ್ಷೇತ್ರದ ಮುಂಭಾಗ]

ನಮಸ್ಕಾರ. ಮಳೆಗಾಲ ಬಂತು ಅಂದರೆ ಕರಾವಳಿಯ ಮೇಳಗಳು ಬೆಂಗಳೂರಿಗೆ ಬರುತ್ತವೆ. ಇಲ್ಲಿ ಯಕ್ಷಗಾನ ನೋಡುವವರಿಗೆ ‘ಭೀಷ್ಮ ವಿಜಯ’ ಪ್ರಸಂಗ ಗೊತ್ತೇ ಇರುತ್ತದೆ. ಕಣ್ಣೀರೆಲ್ಲ ಕಾಶಿರಾಜನ ಮಗಳು ಅಂಬೆಯದು, ಪ್ರಸಂಗ ಮಾತ್ರ ಭೀಷ್ಮನ ಹೆಸರಿನದು.

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಈ ಕಥೆ ಹೇಳುವವನು ಯಾರು ಗೊತ್ತಾ? ಭೀಷ್ಮನೇ. ಪಾಂಡವರ ಕಡೆಯ ಶಿಖಂಡಿಯನ್ನು ಯಾಕೆ ಕೊಲ್ಲುವುದಿಲ್ಲ ಅಂತ ದುರ್ಯೋಧನ ಕೇಳುತ್ತಾನೆ, ಅದಕ್ಕೆ ಕೊಡುವ ಉತ್ತರ ಇದು. ಹುಡುಗಿಯನ್ನು ಹೊತ್ತೊಯ್ದವನ ಬಾಯಲ್ಲೇ ನಾವು ಅವಳ ಪಾಡು ಕೇಳುತ್ತಾ ಬಂದಿದ್ದೇವೆ. ಇವತ್ತು ಅಂಬೆಯ ಜಾಗದಲ್ಲಿ ನಿಂತು ನೋಡೋಣ.

[ದೃಶ್ಯ: ಚಿತ್ರ, ರಥದಲ್ಲಿ ಮೂವರು ಹುಡುಗಿಯರು]

ಕಾಶಿಯಲ್ಲಿ ಸ್ವಯಂವರ. ಅಂಬೆ ಆಗಲೇ ಸಾಲ್ವ ಅನ್ನುವ ರಾಜನನ್ನು ಮನಸ್ಸಲ್ಲಿ ಒಪ್ಪಿದ್ದಾಳೆ. ಅವನೂ ಒಪ್ಪಿದ್ದಾನೆ. ಅಪ್ಪನಿಗೆ ಗೊತ್ತಿಲ್ಲ. ಭೀಷ್ಮ ಬಂದವನೇ ತಮ್ಮ ವಿಚಿತ್ರವೀರ್ಯನಿಗೆ ಅಂತ ಅಕ್ಕತಂಗಿಯರು ಮೂವರನ್ನೂ ರಥ ಹತ್ತಿಸಿಕೊಂಡ. ಅಡ್ಡ ಬಂದ ಸಾಲ್ವ ಸೋತ.

ಹಸ್ತಿನಾಪುರದಲ್ಲಿ ಅಂಬೆ ಬಾಯಿಬಿಟ್ಟು ಹೇಳಿದಳು, ನನ್ನ ಮನಸ್ಸು ಸಾಲ್ವನಲ್ಲಿದೆ ಅಂತ. ಭೀಷ್ಮ ಕಳಿಸಿಕೊಟ್ಟ. ಜತೆಗೆ ವಯಸ್ಸಾದ ಬ್ರಾಹ್ಮಣರು, ಒಬ್ಬ ದಾದಿ. ಎಲ್ಲಾ ಇಲ್ಲಿಗೇ ಸರಿಹೋಗಬಹುದಿತ್ತು, ಅಲ್ವಾ?

ಸಾಲ್ವ ಏನಂದ? ಇನ್ನೊಬ್ಬ ಗೆದ್ದು ಒಯ್ದವಳು ನನಗೆ ಬೇಡ. ಅವನ ಜತೆ ನೀನು ಖುಷಿಯಾಗೇ ಹೋದೆ. ಅಂಬೆ ಹೇಳುತ್ತಾಳೆ: ಇಲ್ಲ, ನಾನು ಅಳುತ್ತಿದ್ದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಾವು ಹಳೇ ಪೊರೆ ಬಿಟ್ಟ ಹಾಗೆ ಬಿಟ್ಟ, ಅನ್ನುತ್ತದೆ ಭಾರತ.

[ದೃಶ್ಯ: ಊರ ಹೊರಗಿನ ದಾರಿ, ಒಬ್ಬಳೇ ನಿಂತ ಹೆಣ್ಣು]

ನನ್ನನ್ನು ಜಾಸ್ತಿ ಕಾಡುವುದು ಇದಾದ ಮೇಲಿನ ಹೊತ್ತು. ಅಳುತ್ತಾ ಊರು ಬಿಟ್ಟ ಅಂಬೆ ತನ್ನೊಳಗೇ ಕೇಳಿಕೊಳ್ಳುತ್ತಾಳೆ, ತಪ್ಪು ಯಾರದು? ಯುದ್ಧ ಶುರುವಾದಾಗಲೇ ನಾನು ಸಾಲ್ವನಿಗಾಗಿ ರಥದಿಂದ ಧುಮುಕಬೇಕಿತ್ತು, ಧುಮುಕಲಿಲ್ಲ, ತಪ್ಪು ನನ್ನದೇ ಅನ್ನುತ್ತಾಳೆ. ಬಾಣಗಳ ನಡುವೆ ಯಾವ ಹುಡುಗಿ ಧುಮುಕಿಯಾಳು? ಇವತ್ತಿಗೂ ‘ಆಗಲೇ ಯಾಕೆ ಕೂಗಿಕೊಳ್ಳಲಿಲ್ಲ’ ಅಂತ ನಾವು ಹುಡುಗಿಯರನ್ನೇ ಕೇಳುತ್ತೇವೆ. ಗೆದ್ದವನಿಗೇ ಮಗಳು ಅಂತ ಪಣಕ್ಕಿಟ್ಟ ಅಪ್ಪನನ್ನೂ ಅವಳು ಬಿಡುವುದಿಲ್ಲ, ಸಾಲ್ವನನ್ನೂ ಬಿಡುವುದಿಲ್ಲ. ಕೊನೆಗೆ ಬೆರಳು ನಿಲ್ಲುವುದು ಭೀಷ್ಮನ ಕಡೆಗೆ. ಶುರುಮಾಡಿದವನು ಅವನು.

ತವರಿಗೆ ಹೋಗು ಅಂತ ಋಷಿಗಳು ಬುದ್ಧಿ ಹೇಳಿದರು. ಬಂಧುಗಳು ತಾತ್ಸಾರ ಮಾಡುತ್ತಾರೆ, ಹೋಗಲಾರೆ ಅಂದಳು. ಅವಳ ಪರವಾಗಿ ನಿಂತ ಪರಶುರಾಮನಿಂದಲೂ ಭೀಷ್ಮನನ್ನು ಗೆಲ್ಲಲಾಗಲಿಲ್ಲ. ಆಮೇಲೆ ತಪಸ್ಸು. ಅಲ್ಲಿಗೆ ಬಂದು ಶಾಪ ಕೊಟ್ಟವಳು ಗಂಗೆ, ಭೀಷ್ಮನ ತಾಯಿ. ಅಂಬೆಯ ಅರ್ಧ ಭಾಗ ನದಿಯಾಯಿತು. ಸೊಟ್ಟಗೆ ಹರಿಯುವ, ಮೊಸಳೆ ತುಂಬಿದ, ಮಳೆಗಾಲದಲ್ಲಷ್ಟೇ ನೀರಿರುವ ನದಿ. ಉಳಿದರ್ಧ ಹೆಣ್ಣಾಗೇ ಉಳಿದು, ಭೀಷ್ಮನನ್ನು ಕೊಲ್ಲಲೆಂದೇ ಯಮುನೆಯ ದಡದಲ್ಲಿ ಬೆಂಕಿಗೆ ಬಿತ್ತು. ದ್ರುಪದನ ಮನೆಯಲ್ಲಿ ಹೆಣ್ಣಾಗಿ ಮತ್ತೆ ಹುಟ್ಟಿದಳು, ಅವಳೇ ಶಿಖಂಡಿ. ಕುರುಕ್ಷೇತ್ರದ 10ನೇ ದಿನ, ಹೆಣ್ಣಾಗಿ ಹುಟ್ಟಿದ್ದು ಅಂತ ಶಿಖಂಡಿಯ ಎದುರು ಭೀಷ್ಮ ಬಾಣ ಬಿಡಲಿಲ್ಲ. ಅವತ್ತೇ ಬಿದ್ದ.

ಸಾಲ್ವನಿಗೆ ಮಾತ್ರ ಅಂಬೆಯಿಂದ ಏನೂ ಆಗಲಿಲ್ಲ. ನನಗಂತೂ ಭೀಷ್ಮನಿಗಿಂತ ಅವನ ಮೇಲೇ ಸಿಟ್ಟು ಜಾಸ್ತಿ. ಅವಳು ನಂಬಿ ಹೋದದ್ದು ಅವನನ್ನು. ನಿಮ್ಮ ಸಿಟ್ಟು ಯಾರ ಮೇಲೆ? ಬರೆದು ತಿಳಿಸಿ.